ಬೆರಳಚ್ಚು ನೋಡುವ ಯಂತ್ರ ಬಂದರೆ ಕಳ್ಳ ಮತ ನಿಲ್ಲುತ್ತದೆಯೇ?

ಪ್ರಶ್ನೆ: ಮತಗಟ್ಟೆಯಲ್ಲಿ ಬೆರಳಚ್ಚು ಅಥವಾ ಮುಖ ಹೊಂದಿಸಿ ನೋಡುವ ಯಂತ್ರ ಇಟ್ಟರೆ ಚುನಾವಣಾ ಅಕ್ರಮ ಪೂರ್ತಿ ನಿಲ್ಲುತ್ತದೆಯೇ?

ಉತ್ತರ: ಪೂರ್ತಿ ನಿಲ್ಲುವುದಿಲ್ಲ. ಬೇರೆಯವರ ಹೆಸರಿನಲ್ಲಿ ಮತ ಹಾಕುವುದು, ಒಬ್ಬರೇ ಎರಡು ಸಲ ಹಾಕುವುದು, ಬಾರದವರ ಹೆಸರಿನಲ್ಲಿ ಮತಪತ್ರ ತುರುಕುವುದು – ಇಷ್ಟಕ್ಕೆ ಯಂತ್ರ ತಡೆಯೊಡ್ಡಬಲ್ಲದು. ಹಣ ಹಂಚಿದ್ದು, ಬೆದರಿಸಿದ್ದು, ಅರ್ಹರ ಹೆಸರು ಪಟ್ಟಿಯಿಂದ ತೆಗೆದದ್ದು, ಫಲಿತಾಂಶದ ಹಾಳೆ ತಿದ್ದಿದ್ದು ಅದಕ್ಕೆ ಕಾಣುವುದಿಲ್ಲ.

ನಮ್ಮ ಪ್ರಕಾರ ಯಂತ್ರದಿಂದ ಸಿಗುವ ದೊಡ್ಡ ಲಾಭ ಒಂದು ಸಂಖ್ಯೆ: ಆ ಮತಗಟ್ಟೆಗೆ ಖುದ್ದಾಗಿ ಬಂದು ಗುರುತು ಖಚಿತವಾದವರ ಒಟ್ಟು. ಪೆಟ್ಟಿಗೆಯಲ್ಲಿ ಅದಕ್ಕಿಂತ ಹೆಚ್ಚು ಮತ ಸಿಕ್ಕರೆ ತಕ್ಷಣ ಪ್ರಶ್ನೆ ಏಳುತ್ತದೆ. ಆದರೆ ಎಣಿಕೆ ಶುರುವಾಗುವ ಮೊದಲೇ ಈ ಸಂಖ್ಯೆಯನ್ನು ಪಕ್ಷಗಳ ಏಜೆಂಟರ ಎದುರು ಗಟ್ಟಿಯಾಗಿ ಓದಿ, ನಮೂನೆಯಲ್ಲಿ ಬರೆದು, ಎಲ್ಲರ ಸಹಿ ಹಾಕಿಸಬೇಕು. ಎಣಿಕೆ ಮುಗಿದ ಮೇಲೆ ಬರೆದರೆ ಸಿಕ್ಕ ಮತಕ್ಕೆ ತಕ್ಕಂತೆ ಸಂಖ್ಯೆಯನ್ನೇ ಹೊಂದಿಸಿಬಿಡಬಹುದು. ನೈಜೀರಿಯಾದಲ್ಲಿ 2023ರ ಫೆಬ್ರುವರಿ 25ರಂದು ಬೆರಳಚ್ಚು, ಮುಖ ಎರಡನ್ನೂ ನೋಡುವ ಯಂತ್ರಗಳಿದ್ದವು. ಆದರೂ ಅಧ್ಯಕ್ಷೀಯ ಚುನಾವಣೆಯ ಮತಗಟ್ಟೆ ಹಾಳೆಗಳು ಸಾರ್ವಜನಿಕ ಜಾಲತಾಣಕ್ಕೆ ಏರುವುದು ತಡವಾಗಿ, ಜನರ ನಂಬಿಕೆಗೆ ಅಲ್ಲಿಯೇ ಪೆಟ್ಟು ಬಿತ್ತು.

ಪ್ರಶ್ನೆ: ಒಬ್ಬರ ಹೆಸರೇ ಪಟ್ಟಿಯಲ್ಲಿ ಎರಡು ಕಡೆ ಇದ್ದರೆ ಕಂಪ್ಯೂಟರ್ ತಾನಾಗಿ ಅಳಿಸಿಹಾಕಬಹುದಲ್ಲವೇ?

ಉತ್ತರ: ಹುಡುಕಲು ಬಿಡಿ, ಅಳಿಸಲು ಬಿಡಬೇಡಿ. 1 ಕೋಟಿ ಮತದಾರರಲ್ಲಿ ಪ್ರತಿಯೊಬ್ಬರನ್ನೂ ಉಳಿದೆಲ್ಲರ ಜತೆ ಹೋಲಿಸಿದರೆ ಸುಮಾರು 50 ಲಕ್ಷ ಕೋಟಿ ಜೋಡಿಗಳಾಗುತ್ತವೆ. 10 ಕೋಟಿ ಹೋಲಿಕೆಗೆ ಒಂದೇ ಒಂದು ತಪ್ಪು ಎಂದಿಟ್ಟುಕೊಂಡರೂ, ಬೇರೆ ಬೇರೆ ವ್ಯಕ್ತಿಗಳನ್ನು ಒಬ್ಬರೇ ಎಂದು ತೋರಿಸುವ 5 ಲಕ್ಷ ಜೋಡಿಗಳು ಎದುರಿಗೆ ಬರುತ್ತವೆ. ಹಾಗಾಗಿ ನೋಂದಣಿಯಲ್ಲಿ ಒಂದೆರಡು ಬೆರಳು ಸಾಲದು. ಹತ್ತೂ ಬೆರಳು, ಜತೆಗೆ ಮುಖದ ಚಿತ್ರ ಬೇಕು. ಯಂತ್ರ ಎತ್ತಿ ತೋರಿಸಿದ ಪ್ರತಿ ಜೋಡಿಯನ್ನು ಇಬ್ಬರು ನೌಕರರು ಒಬ್ಬರಿಗೊಬ್ಬರು ಕೇಳದೆ ಪರಿಶೀಲಿಸಲಿ. ಅಳಿಸುವ ಮುನ್ನ ಆ ಮತದಾರರಿಗೆ ನೋಟಿಸ್ ಹೋಗಲಿ, ಉತ್ತರಕ್ಕೆ ಕಾಲಾವಕಾಶವಿರಲಿ.

ಪ್ರಶ್ನೆ: ಮತದಾನದ ದಿನವೇ ಯಂತ್ರ ಕೈಕೊಟ್ಟರೆ ಏನು ಮಾಡಬೇಕು?

ಉತ್ತರ: ಇಡೀ ವ್ಯವಸ್ಥೆಯ ಗಟ್ಟಿತನ ಗೊತ್ತಾಗುವುದು ಇಲ್ಲೇ. 2012ರ ಡಿಸೆಂಬರ್ 7ರಂದು ಘಾನಾದಲ್ಲಿ ‘ಪರಿಶೀಲನೆ ಇಲ್ಲದೆ ಮತವಿಲ್ಲ’ ಎಂಬ ನಿಯಮವಿತ್ತು. ಕೆಲವು ಮತಗಟ್ಟೆಗಳಲ್ಲಿ ಯಂತ್ರಗಳು ಕೆಟ್ಟು ಮತದಾನವನ್ನು ಮರುದಿನಕ್ಕೆ ಮುಂದುವರಿಸಬೇಕಾಯಿತು. 2013ರ ಮಾರ್ಚ್‌ನಲ್ಲಿ ಕೆನ್ಯಾದಲ್ಲಿ ಗುರುತಿಸುವ ಯಂತ್ರಗಳು ವ್ಯಾಪಕವಾಗಿ ನಿಂತವು. ಸಿಬ್ಬಂದಿ ಮುದ್ರಿತ ಪಟ್ಟಿಗೆ ಮರಳಿದರು. ಒಂದು ಕಡೆ ಅರ್ಹರು ಕಾಯಬೇಕಾಯಿತು, ಇನ್ನೊಂದು ಕಡೆ ಹೊಸ ತಡೆಯೇ ಇಲ್ಲವಾಯಿತು.

ಮೊದಲು ಸಮಯದ ಲೆಕ್ಕ ಹಾಕಿ. 10 ಗಂಟೆಯ ಮತದಾನದಲ್ಲಿ 800 ಜನ ಬಂದರೆ ಒಬ್ಬರಿಗೆ ಸಿಗುವುದು 45 ಸೆಕೆಂಡು. ಮತ್ತೆ ಮತ್ತೆ ಬೆರಳಿಡಿಸಿ ಸರಾಸರಿ ಒಂದು ನಿಮಿಷ ಹಿಡಿದರೆ 3 ಗಂಟೆ 20 ನಿಮಿಷ ಹೆಚ್ಚು ಬೇಕು. ಅಂಥ ಕಡೆ ಎರಡು ಯಂತ್ರ ಇಡಿ. ಬ್ಯಾಟರಿಯನ್ನು ಹಿಂದಿನ ದಿನ ಪೂರ್ತಿ ಅವಧಿ ಓಡಿಸಿ ನೋಡಿ, ಬದಲಿ ಬ್ಯಾಟರಿ ಮತಗಟ್ಟೆಯಲ್ಲೇ ಇರಲಿ. ಆ ಮತಗಟ್ಟೆಯ ಮತದಾರರ ಮಾಹಿತಿ ಯಂತ್ರದೊಳಗೇ ಇರಬೇಕು, ನೆಟ್‌ವರ್ಕ್ ನಂಬಿ ಕೂರಬೇಡಿ. ದಿನಾಂಕ, ಗಂಟೆ ಸರಿಯಿದೆಯೇ ಎಂದು ನೋಡಿ. ಬೆರಳಿಡುವ ಗಾಜಿನ ಮೇಲೆ ರಕ್ಷಣೆಗೆ ಅಂಟಿಸಿದ ತೆಳು ಪ್ಲಾಸ್ಟಿಕ್ ತೆಗೆಯುವುದನ್ನು ಮರೆತು ಯಂತ್ರವನ್ನೇ ದೂರುವುದೂ ಉಂಟು.

ವಯಸ್ಸಾದವರ, ಕೂಲಿ ಕೆಲಸ ಮಾಡುವವರ ಬೆರಳ ಗೆರೆ ಸವೆದಿರುತ್ತದೆ. ಒಣಗಿದ ಬೆರಳು ಗಾಜಿನ ಮೇಲೆ ಮಸುಕಾಗಿ ಮೂಡುತ್ತದೆ, ತೀರಾ ಒದ್ದೆಯಾದದ್ದು ಕಲಸಿಹೋಗುತ್ತದೆ. ಕೈ ಒರೆಸಿ, ಬೇರೆ ಬೆರಳು ಇಡಿಸಿ, ಗಾಜನ್ನು ಆಗಾಗ ಮೆತ್ತನೆ ಬಟ್ಟೆಯಿಂದ ಒರೆಸಿ. ಅಳಿಸಲಾಗದ ಶಾಯಿಯನ್ನು ಪರಿಶೀಲನೆಯ ನಂತರವೇ ಹಚ್ಚಿ. ಯಂತ್ರ ಬಂತೆಂದು ಶಾಯಿ ಕೈಬಿಡಬೇಡಿ: ಮತಗಟ್ಟೆಗಳ ಯಂತ್ರಗಳು ಪರಸ್ಪರ ಮಾತಾಡದಿದ್ದಾಗ ಎರಡನೇ ಸಲ ಬಂದವರನ್ನು ಹಿಡಿಯುವುದು ಆ ಶಾಯಿಯೇ.

ಮೂರು ಸಲ ವಿಫಲವಾದರೂ ಅರ್ಹರನ್ನು ವಾಪಸು ಕಳಿಸುವುದು ಅನ್ಯಾಯ. ನೂರಕ್ಕೆ ಒಬ್ಬರ ಬೆರಳು ಹೊಂದದಿದ್ದರೂ 800ರಲ್ಲಿ 8 ಜನ ಮತ ಕಳೆದುಕೊಳ್ಳುತ್ತಾರೆ. ಅವರ ಗುರುತಿನ ದಾಖಲೆ, ಪಟ್ಟಿಯ ಫೋಟೊ ನೋಡಿ, ಪ್ರತ್ಯೇಕ ವಹಿಯಲ್ಲಿ ಹೆಸರು, ಕಾರಣ, ಸಮಯ ಬರೆದು, ಅಧಿಕಾರಿ ಮತ್ತು ಏಜೆಂಟರ ಸಹಿ ಪಡೆದು ಮತಕ್ಕೆ ಬಿಡಿ. ಕಳ್ಳ ಮತ ನುಸುಳುವ ಬಾಗಿಲೂ ಇದೇ ಆದ್ದರಿಂದ ವಹಿಯ ಒಟ್ಟನ್ನು ಯಂತ್ರದ ಒಟ್ಟಿನ ಪಕ್ಕದಲ್ಲೇ ಘೋಷಿಸಿ. ಅಕ್ಕಪಕ್ಕದ ಮತಗಟ್ಟೆಗಳಲ್ಲಿ 8–10 ಇದ್ದು ಒಂದರಲ್ಲಿ ಮಾತ್ರ 200 ಇದ್ದರೆ ತನಿಖೆ ಅಲ್ಲಿಂದ ಶುರುವಾಗಲಿ.

ಪ್ರಶ್ನೆ: ಬೆರಳಚ್ಚು ಕೊಟ್ಟ ಮೇಲೆ ನಾನು ಯಾರಿಗೆ ಮತ ಹಾಕಿದೆ ಎಂದು ತಿಳಿಯುವುದಿಲ್ಲವೇ?

ಉತ್ತರ: ವಿನ್ಯಾಸ ಸರಿಯಿಲ್ಲದಿದ್ದರೆ ತಿಳಿಯಬಹುದು. ಪರಿಶೀಲನಾ ಯಂತ್ರದಲ್ಲಿ ಜನ ಬಂದ ಕ್ರಮ, ಮತಯಂತ್ರದಲ್ಲಿ ಮತ ಬಿದ್ದ ಕ್ರಮ ಎರಡೂ ದಾಖಲಾದರೆ ಅಕ್ಕಪಕ್ಕ ಇಟ್ಟು ಯಾರ ಮತ ಯಾವುದೆಂದು ಊಹಿಸಬಹುದು. ಆದ್ದರಿಂದ ಎರಡು ಯಂತ್ರಗಳ ನಡುವೆ ತಂತಿಯಾಗಲಿ, ನಿಸ್ತಂತು ಸಂಪರ್ಕವಾಗಲಿ ಇರಕೂಡದು. ಮತದ ದಾಖಲೆಯಲ್ಲಿ ಸಮಯವೂ ಅನುಕ್ರಮವೂ ಇರಕೂಡದು. ಮತಪತ್ರಗಳಿದ್ದರೆ ಎಣಿಕೆಗೆ ಮುನ್ನ ಕಲಸಬೇಕು. ಬೆರಳಚ್ಚಿನ ಮಾಹಿತಿ ಗೂಢಲಿಪಿಯಲ್ಲಿರಲಿ. ದೂರುಗಳ ವಿಚಾರಣೆ ಮುಗಿದ ಬಳಿಕ ಯಂತ್ರಗಳಲ್ಲಿನ ಪ್ರತಿಯನ್ನು ಸಾಕ್ಷಿಗಳ ಎದುರು ಅಳಿಸಲಿ.