ಹೆಬ್ಬೆಟ್ಟು ಒತ್ತಿದ್ದಕ್ಕೆ ಐವತ್ತು ರೂಪಾಯಿ ಯಾಕೆ?

ಪ್ರಶ್ನೆ: ಅಮ್ಮನ ಗೃಹಲಕ್ಷ್ಮಿ ಹಣ 2,000 ರೂಪಾಯಿ ಬಿಡಿಸಲು ಊರಿನ ಅಂಗಡಿಯಲ್ಲಿ ಆಧಾರ್ ನಂಬರ್ ಕೊಟ್ಟು ಬೆರಳು ಒತ್ತುತ್ತಾರೆ. ಕೈಗೆ ಬರುವುದು 1,950. ಕೇಳಿದರೆ ‘ಮಷೀನ್ ಚಾರ್ಜು’ ಅಂತಾರೆ. ಹೋದ ತಿಂಗಳು ಎರಡು ಸಲ ಒತ್ತಿಸಿಕೊಂಡು ‘ಫೇಲ್ ಆಯ್ತು, ನಾಳೆ ಬನ್ನಿ’ ಎಂದರು. ಪಾಸ್‌ಬುಕ್‌ನಲ್ಲಿ ನೋಡಿದರೆ ಹಣ ಹೋಗಿದೆ. ಏನು ಮಾಡಬೇಕು?
– ಓದುಗರು, ಸಿಂಧನೂರು ತಾಲ್ಲೂಕು

ಉತ್ತರ: ಮಷೀನ್ ಚಾರ್ಜು ಅಂತ ಒಂದಿಲ್ಲ. ಬ್ಯಾಂಕ್ ಮಿತ್ರರು, ಅಂದರೆ ಬ್ಯಾಂಕಿನ ಪರವಾಗಿ ಹಣ ಕೊಡುವ ಇಂಥ ಅಂಗಡಿಯವರು, ಗ್ರಾಹಕರಿಂದ ನೇರವಾಗಿ ಶುಲ್ಕ ಪಡೆಯುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಅವರ ಕಮಿಷನ್ ಬ್ಯಾಂಕಿನಿಂದ ಬರುತ್ತದೆ. ಅದು ಚಿಲ್ಲರೆ ಕಾಸು ನಿಜ, ಹಾಗಂತ ಕೊರತೆಯನ್ನು ಅಮ್ಮನ ದುಡ್ಡಿನಲ್ಲಿ ತುಂಬಿಸಿಕೊಳ್ಳುವುದು ಸಲ್ಲ. ತಿಂಗಳಿಗೆ 50 ಅಂದರೆ ವರ್ಷಕ್ಕೆ 600. ಬ್ಯಾಂಕೇ ಶುಲ್ಕ ಹಾಕಿದರೆ ಅದು ಖಾತೆಯಲ್ಲಿ ಕಡಿತವಾಗಿ ಪಾಸ್‌ಬುಕ್‌ನಲ್ಲಿ ಕಾಣುತ್ತದೆ, ನೋಟಿನಲ್ಲಿ ಮುರಿದುಕೊಳ್ಳುವುದಿಲ್ಲ. ಅಮ್ಮನದು ಜನಧನ್ ಖಾತೆಯಾದರೆ ತಿಂಗಳಿಗೆ ಕನಿಷ್ಠ 4 ಸಲ ಹಣ ತೆಗೆಯುವುದು ಉಚಿತ. ರುಪೇ ಕಾರ್ಡ್ ಪೆಟ್ಟಿಗೆಯಲ್ಲೇ ಉಳಿದಿದ್ದರೆ ಹೊರತೆಗೆಯಿರಿ, ತಮ್ಮ ಬ್ಯಾಂಕಿನ ಎಟಿಎಂಗೆ ಹೋದರೆ ಅಂಗಡಿಯ ಹಂಗೇ ಇಲ್ಲ.

ಈಗ ಎರಡನೆಯದು. ‘ಫೇಲ್’ನಲ್ಲಿ ಎರಡು ಬಗೆ. ಖಾತೆಯಿಂದ ಹಣ ಕಡಿತವಾಗಿ, ನೆಟ್‌ವರ್ಕ್ ಕೈಕೊಟ್ಟು ಅಂಗಡಿಯ ಮಷೀನಿಗೆ ಉತ್ತರ ಬರದೇ ಹೋಗುವುದು ಒಂದು. ಆಗ 5 ದಿನದೊಳಗೆ ಹಣ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇನ್ನೊಂದು, ಮಷೀನಿನಲ್ಲಿ ‘ಸಕ್ಸೆಸ್’ ಬಂದಿರುತ್ತದೆ, ಅಂಗಡಿಯವ ಬಾಯಲ್ಲಿ ಫೇಲ್ ಅನ್ನುತ್ತಾನೆ. ಇದು ತಾನಾಗಿ ವಾಪಸ್ ಬರುವುದಿಲ್ಲ. ಕೆಲಸ ಮಾಡಿ ಸವೆದ ಬೆರಳಿನ ಗೆರೆ ಮಷೀನಿಗೆ ಹತ್ತದೇ ಇರುವುದೂ ಮಾಮೂಲು, ಆದರೆ ಆಗ ಖಾತೆಯಿಂದ ಹಣ ಹೋಗುವುದಿಲ್ಲ. ನಿಮ್ಮಲ್ಲಿ ತಿಂಗಳಾದರೂ ಬಂದಿಲ್ಲ, ಆದ್ದರಿಂದ ಕಾಯಬೇಡಿ.

ಪಾಸ್‌ಬುಕ್ ಎಂಟ್ರಿ ಹಾಕಿಸಿ, ಆ ಸಾಲಿನ ಜೆರಾಕ್ಸ್ ಜೊತೆ ಅಮ್ಮನ ಬ್ಯಾಂಕ್ ಶಾಖೆಗೆ ಲಿಖಿತ ದೂರು ಕೊಡಿ. ದಿನಾಂಕ, ಮೊತ್ತ, ಅಂಗಡಿ ಇರುವ ಜಾಗ ಬರೆಯಿರಿ. ಮಷೀನಿನ ಚೀಟಿ ಇದ್ದರೆ ಅದರಲ್ಲಿನ 12 ಅಂಕಿಯ ಆರ್‌ಆರ್‌ಎನ್ (ಆ ವಹಿವಾಟಿನ ಗುರುತು) ಸಂಖ್ಯೆಯನ್ನೂ ಸೇರಿಸಿ, ಬ್ಯಾಂಕಿನವರು ಹುಡುಕುವುದು ಅದನ್ನು ಹಿಡಿದೇ. ದೂರಿನ ಪ್ರತಿಗೆ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ, ಬಾಯಿಮಾತಿನ ದೂರಿಗೆ ಲೆಕ್ಕವಿಲ್ಲ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ 14448ಕ್ಕೆ ಕರೆ ಮಾಡಿ.

ಮುಂದಿನ ಸಲ ಮೊದಲು ಬ್ಯಾಲೆನ್ಸ್ ನೋಡಿಸಿ, ಆಮೇಲೆ ಹಣ ತೆಗೆಸಿ. ಚೀಟಿ ಕೊಡದೆ ಎರಡನೇ ಸಲ ಬೆರಳು ಕೇಳಿದರೆ ಮಿನಿ ಸ್ಟೇಟ್‌ಮೆಂಟ್ ತೋರಿಸಲು ಹೇಳಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಮನೆಯಲ್ಲೇ ಇದ್ದರೆ ಎಂಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ (ಬೆರಳಚ್ಚು) ಲಾಕ್ ಮಾಡಿಡಿ. ತಾತ್ಕಾಲಿಕವಾಗಿ ತೆರೆದರೆ 10 ನಿಮಿಷಕ್ಕೆ ಮತ್ತೆ ಲಾಕ್ ಆಗುತ್ತದೆ, ಹಾಗಾಗಿ ಅಂಗಡಿ ಮುಂದೆ ಸಾಲು ಉದ್ದವಿದ್ದರೆ ಅಮ್ಮನ ಸರದಿ ಬಂದ ಮೇಲೇ ತೆರೆಯಿರಿ.