ನಾಲೆ ಏರಿ ಮೇಲೆ ಓಡುವ ಮುಂಚೆ

ಓಟದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಮಂಡ್ಯದ ನಿವೃತ್ತ ಪಿ.ಟಿ. ಮೇಡಂ ಒಬ್ಬರ ಉತ್ತರ

ಪ್ರಶ್ನೆ: ನನಗೆ 42 ವರ್ಷ. ಬ್ಯಾಂಕಿನಲ್ಲಿ ಕೆಲಸ. ಎರಡು ವರ್ಷದಿಂದ ಕುಕ್ಕರಹಳ್ಳಿ ಕೆರೆ ಸುತ್ತ ಓಡುತ್ತಿದ್ದೇನೆ. ಈಗ 10 ಕಿ.ಮೀ. ಆರಾಮಾಗಿ ಓಡುತ್ತೇನೆ. ಕಾವೇರಿ ದಡದಲ್ಲಿ, ಹಳ್ಳಿಗಳ ನಡುವೆ ಓಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ ಮೇಡಂ?
— ಒಬ್ಬ ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಶ್ರೀರಂಗಪಟ್ಟಣದಿಂದ ಶುರು ಮಾಡಿ ಸರ್. ಕಾರು ಬೇಡ. ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿ. ಪಟ್ಟಣದ ಸ್ಟೇಷನ್ ಇರುವುದು ಕೋಟೆಯ ಒಳಗೇ. ರಂಗನಾಥಸ್ವಾಮಿ ಗುಡಿ ಅಲ್ಲೇ ಹತ್ತಿರ. ಗುಡಿಯ ಮುಂದೆ ಐದು ನಿಮಿಷ ನಡೆದು ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ ಪೂರ್ವಕ್ಕೆ ಮುಖ ಮಾಡಿ ಓಡಿ. ಕೋಟೆ ದಾಟಿದರೆ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್, ಅದು ಬಿಟ್ಟರೆ ಗಂಜಾಂ, ಟಿಪ್ಪು ಸಮಾಧಿಯಿರುವ ಗುಂಬಜ್, ಕೊನೆಗೆ ಸಂಗಮ. ಕಾವೇರಿ ಎರಡಾಗಿ ಒಡೆದು ಪಟ್ಟಣವನ್ನು ತಬ್ಬಿಕೊಂಡು, ಅಲ್ಲಿ ಮತ್ತೆ ಒಂದಾಗುತ್ತಾಳೆ. ಹೋಗಿ ಬಂದರೆ ಸುಮಾರು 10 ಕಿ.ಮೀ. ಆಗುತ್ತದೆ. ದಾರಿ ಬಹುಮಟ್ಟಿಗೆ ಸಮ. ವಾಪಸ್ಸು ಬರುವಾಗ ನಿಮಿಷಾಂಬ ಗುಡಿ ಕಡೆ ತಿರುಗಿ. ಹೊಳೆ ಪಕ್ಕದ ಮೆಟ್ಟಿಲ ಮೇಲೆ ಕೂತು ಉಸಿರು ತಗೊಳ್ಳಿ. ಹುಣ್ಣಿಮೆ, ಅಮಾವಾಸ್ಯೆ ದಿನ ಮಾತ್ರ ಬೇಡ. ಆವತ್ತು ಕಾಲಿಡಲು ಜಾಗ ಇರೋದಿಲ್ಲ.

ಇದು ಪಳಗಿದ ಮೇಲೆ ಕರಿಘಟ್ಟ ಬೆಟ್ಟಕ್ಕೆ ಹೋಗಿ. ಹೊಳೆಯ ಉತ್ತರದ ಕವಲು ದಾಟಿ ಹೋಗಬೇಕು. ಅಲ್ಲಿರುವ ವೆಲ್ಲೆಸ್ಲಿ ಸೇತುವೆಯನ್ನು ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ್ದು. ಕಲ್ಲುಕಂಬಗಳ ನಡುವೆ ನೀರು ನುಗ್ಗುವುದನ್ನು ನಿಂತು ನೋಡದೆ ನಾನು ಯಾವತ್ತೂ ಮುಂದೆ ಹೋಗಿಲ್ಲ. ಮಳೆಗಾಲದಲ್ಲಿ ಕನ್ನಂಬಾಡಿ (ಕೆ.ಆರ್.ಎಸ್.) ಅಣೆಕಟ್ಟೆಯಿಂದ ಎಷ್ಟು ಕ್ಯೂಸೆಕ್ ನೀರು ಬಿಟ್ಟಿದ್ದಾರೆ ಅಂತ ಹಿಂದಿನ ರಾತ್ರಿಯೇ ಸುದ್ದಿ ನೋಡಿಕೊಳ್ಳಿ. ಲಕ್ಷ ಕ್ಯೂಸೆಕ್ ಅಂದರೆ ಹೊಳೆ ಕಡೆಗೇ ಬೇಡ. ಬೆಟ್ಟದ ಬುಡದಲ್ಲಿ ಲೋಕಪಾವನಿ ಹರಿಯುತ್ತದೆ. ಹತ್ತಲು ನಾನೂರಕ್ಕೂ ಜಾಸ್ತಿ ಮೆಟ್ಟಿಲು. ಓಡಬೇಡಿ, ಹತ್ತಿ. ಮೇಲಿಂದ ನೋಡಿದರೆ ಈಗಷ್ಟೇ ಓಡಿ ಬಂದ ಊರು, ಹೊಳೆ, ಗದ್ದೆ ಎಲ್ಲ ಒಟ್ಟಿಗೆ ಕಾಣುತ್ತವೆ.

ಇನ್ನೊಂದು ದಾರಿ ನನಗೆ ಇವೆರಡಕ್ಕಿಂತ ಹತ್ತಿರದ್ದು. ಪಾಲಹಳ್ಳಿ, ಬೆಳಗೊಳದ ಕಡೆ ವಿರಿಜಾ ನಾಲೆಯ ಏರಿ. ಒಂದು ಕಡೆ ನೀರು, ಇನ್ನೊಂದು ಕಡೆ ಭತ್ತ, ಕಬ್ಬು, ತೆಂಗು. ರಂಗನತಿಟ್ಟು ಅಲ್ಲೇ ಹತ್ತಿರ. ಪಕ್ಷಿತಜ್ಞ ಸಲೀಂ ಅಲಿ ಅವರು ಮೈಸೂರು ಮಹಾರಾಜರಿಗೆ ಹೇಳಿ, 1940ರಲ್ಲಿ ಅದನ್ನು ಪಕ್ಷಿಧಾಮ ಮಾಡಿಸಿದರು. ಚಳಿಗಾಲ ಮುಗಿಯುವ ಹೊತ್ತಿಗೆ ಕೊಕ್ಕರೆಗಳು ಮರಿಗೆ ಮೇವು ತರಲು ಗದ್ದೆಗೆ ಹೋಗಿ ಬರುತ್ತಿರುತ್ತವೆ. ತಲೆ ಮೇಲೆ ರೆಕ್ಕೆ ಬಡಿದ ಸದ್ದು ಕೇಳಿಸುತ್ತದೆ. ಒಂದು ಮಾತು: ಆ ಭಾಗದ ಹೊಳೆಯಲ್ಲಿ ಮೊಸಳೆ ಇವೆ. ಬೆವರಿದೆ ಅಂತ ಕಾಲು ತೊಳೆಯಲು ಇಳಿಯಬೇಡಿ.

ಏರಿ ಬಗ್ಗೆ ಇನ್ನೂ ಸ್ವಲ್ಪ ಹೇಳಲೇಬೇಕು. ನಮ್ಮ ಕಡೆ ನಾಲೆಗೆ ಕಟ್ಟು ನೀರು ಬಿಡುತ್ತಾರೆ. ಇಷ್ಟು ದಿನ ನೀರು, ಇಷ್ಟು ದಿನ ಬಂದ್. ನೀರು ಬಿಟ್ಟ ದಿನ ಏರಿ ಮೇಲೆ ಜನ ಇರುತ್ತಾರೆ. ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ತೂಬಿನ ಹತ್ತಿರ ನಿಂತಿರುತ್ತಾನೆ. ರೈತರು ರಾತ್ರಿಯೆಲ್ಲ ಗದ್ದೆಗೆ ನೀರು ಕಟ್ಟಿ ನಿದ್ದೆಗೆಟ್ಟಿರುತ್ತಾರೆ. ಅವರಿಗೆ ಹಾದಿ ಬಿಟ್ಟು, ಒಂದು ನಮಸ್ಕಾರ ಹೇಳಿ ಮುಂದೆ ಹೋಗಿ. ನೀರಿನ ಅಂಚಿನಲ್ಲಿ ಓಡಬೇಡಿ. ದೊಡ್ಡ ನಾಲೆಗಳ ಗೋಡೆ ಜಾರುತ್ತದೆ. ಒಮ್ಮೆ ಬಿದ್ದರೆ ಈಜು ಬಂದವರಿಗೂ ಹತ್ತುವುದು ಕಷ್ಟ. 2018ರ ನವೆಂಬರಿನಲ್ಲಿ ಕನಗನಮರಡಿ ಹತ್ತಿರ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಸ್ಸು ಬಿದ್ದು 30 ಜನ ತೀರಿಕೊಂಡರು. ಬಹಳಷ್ಟು ಮಕ್ಕಳಿದ್ದರು. ಆಮೇಲೆ ಎಷ್ಟೋ ದಿನ ನನಗೆ ಯಾವ ಏರಿಯ ಮೇಲೂ ಕಾಲು ಏಳಲಿಲ್ಲ. ಕಿವಿಗೆ ಹಾಡು ಹಾಕಿಕೊಂಡು ಅಲ್ಲಿ ಓಡುವವರನ್ನು ನೋಡಿದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಪ್ರಶ್ನೆ: ನಾನು ಪ್ರೈಮರಿ ಶಾಲೆ ಟೀಚರ್. ನಮ್ಮೂರಿನ ಸುತ್ತ ಒಬ್ಬಳೇ ಓಡಬೇಕು ಅಂತಿದ್ದೇನೆ. ಜನ ಏನಂದುಕೊಳ್ಳುತ್ತಾರೋ ಅಂತ ಸಂಕೋಚ. ಬೆಳಿಗ್ಗೆ ನಾಲ್ಕೂವರೆಗೆ ಹೋದರೆ ಯಾರೂ ನೋಡಲ್ಲ, ಅಲ್ವಾ?
— ಒಬ್ಬ ಓದುಗರು, ಪಾಂಡವಪುರ ತಾಲ್ಲೂಕು

ಉತ್ತರ: ಯಾರೂ ನೋಡದ ಹೊತ್ತು ಬೇಡ ಕಣಮ್ಮ. ಎಲ್ಲರೂ ನೋಡುವ ಹೊತ್ತಿಗೆ ಹೋಗು. ಡೈರಿಗೆ ಹಾಲು ಹಾಕಲು ಹೆಂಗಸರು ಕ್ಯಾನು ಹಿಡಿದು ಬರುತ್ತಾರಲ್ಲ, ಅದೇ ಸರಿಯಾದ ಸಮಯ. ನಾನು ಮೊದಲು ಹಳ್ಳಿ ದಾರಿಯಲ್ಲಿ ಓಡಿದಾಗ ಒಬ್ಬ ಅಜ್ಜಿ ಅಡ್ಡ ನಿಂತು, "ಯಾಕವ್ವ ಹಿಂಗ್ ಓಡ್ತಾ ಇದ್ದೀಯೆ, ಯಾರಿಗೇನಾಯ್ತು?" ಅಂತ ಗಾಬರಿಯಿಂದ ಕೇಳಿತು. ನಿಂತು ವಿವರ ಹೇಳಿದೆ. ಮುಂದಿನ ವಾರದಿಂದ ನಾನು ಬರುವುದು ತಡವಾದರೆ ಆ ಅಜ್ಜಿಯೇ ದಾರಿ ನೋಡುತ್ತಿತ್ತು. ನಿನ್ನ ಸಂಕೋಚ ಹೋಗುವುದಕ್ಕೆ ಇಂಥ ನಾಲ್ಕು ಮಾತು ಸಾಕು. ಜೊತೆಗೆ ಊರಿನ ಕಣ್ಣು ನಿನ್ನ ಮೇಲಿರುತ್ತದೆ.

ಕತ್ತಲಲ್ಲಿ ಬೇಡ ಅನ್ನಲು ಇನ್ನೊಂದು ಕಾರಣ ಚಿರತೆ. ನಮ್ಮ ಮಂಡ್ಯ, ಮೈಸೂರು ಎರಡೂ ಜಿಲ್ಲೆಯ ಕಬ್ಬಿನ ಗದ್ದೆಗಳಲ್ಲಿ ಅವು ಮರಿ ಹಾಕುತ್ತವೆ. 2022ರ ಕೊನೆಯಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆಯಿಂದ ಜನರ ಜೀವಗಳೇ ಹೋಗಿವೆ. ಕಬ್ಬು ಆಳೆತ್ತರ ಬೆಳೆದಿದ್ದರೆ, ಪೂರ್ತಿ ಬೆಳಕು ಹರಿದ ಮೇಲೂ ಆ ದಾರಿಯಲ್ಲಿ ಒಬ್ಬಳೇ ಹೋಗಬೇಡ. ಕಟಾವು ಆಗಲಿ, ಬಯಲಾಗಲಿ. ನಾಯಿ ಬಂದರೆ ಓಡಬೇಡ, ನಿಲ್ಲು. ನಾಯಿ ಸಾಕಿದ ಮನೆಯವರನ್ನು ಕೂಗು. ಬಟ್ಟೆ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡ. ಚೂಡಿದಾರದಲ್ಲೂ ಚೆನ್ನಾಗಿ ಓಡಬಹುದು. ವೇಲ್ ಮಾತ್ರ ಮನೆಯಲ್ಲಿ ಬಿಡು ಅಥವಾ ಬಿಗಿಯಾಗಿ ಕಟ್ಟಿಕೋ.

ಪ್ರಶ್ನೆ: ನಮ್ಮೂರು ಹೊಳೆ ದಂಡೆಯಲ್ಲಿದೆ. ಈಚೆಗೆ ಭಾನುವಾರ ಸಿಟಿಯವರು ಗುಂಪು ಗುಂಪಾಗಿ ಓಡಲು ಬರುತ್ತಾರೆ. ನಮಗೇನೂ ಬೇಜಾರಿಲ್ಲ. ಆದರೆ ನೀರಿನ ಬಾಟಲು ಗದ್ದೆಗೆ ಎಸೆಯುತ್ತಾರೆ. ಅವರನ್ನು ನೋಡಿ ಎತ್ತು ಬೆದರುತ್ತವೆ. ನೀವೂ ಓಡುವವರು, ನೀವೇ ಹೇಳಿ.
— ಒಬ್ಬ ರೈತರು, ಶ್ರೀರಂಗಪಟ್ಟಣ ತಾಲ್ಲೂಕು

ಉತ್ತರ: ಅಣ್ಣಾ, ನಿಮ್ಮ ಕಾಗದ ಓದಿ ನನಗೆ ನಾಚಿಕೆಯಾಯಿತು. ನೀವು ಕೇಳಿದ್ದು ನೂರಕ್ಕೆ ನೂರು ನ್ಯಾಯ. ಓಡುವವರಿಗೆ ನೇರವಾಗಿ ಹೇಳುತ್ತಿದ್ದೇನೆ, ದಯವಿಟ್ಟು ಕೇಳಿ.

ಬಾಟಲು ನಿಮ್ಮದು. ಅದು ನಿಮ್ಮ ಜೊತೆಯೇ ಮನೆಗೆ ಹೋಗಬೇಕು. ಗದ್ದೆಗೆ ಬಿದ್ದ ಪ್ಲಾಸ್ಟಿಕ್ಕು ಕೆಸರಿನಲ್ಲಿ ಹೂತುಹೋಗುತ್ತದೆ. ನಾಟಿ ಮಾಡುವ ಹೆಂಗಸರು ಬರಿಗಾಲಲ್ಲಿ ಅದನ್ನು ತುಳಿಯುತ್ತಾರೆ. ಎತ್ತಿನ ಗಾಡಿ ಕಂಡರೆ ದೂರದಿಂದಲೇ ಓಟ ನಿಲ್ಲಿಸಿ, ನಡೆಯಿರಿ. ಗಾಡಿಯ ಹಿಂದಿನಿಂದ ಬರುತ್ತಿದ್ದರೆ ಗಾಡಿಯವರಿಗೆ ಕೇಳುವಂತೆ ಮೊದಲೇ ಮಾತಾಡಿಸಿ. ಕಬ್ಬು ತುಂಬಿದ ಗಾಡಿಯ ಎತ್ತು ಬೆದರಿ ಏರಿಯಿಂದ ಇಳಿದರೆ ಆ ಮನೆಯವರ ವರ್ಷದ ದುಡಿಮೆ ಹೋಯಿತು.

ಸುಗ್ಗಿಯಲ್ಲಿ ರಸ್ತೆ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ. ಸಾಲದ್ದಕ್ಕೆ ಅದರ ಮೇಲೆ ಕಾಲಿಟ್ಟು ಓಡಿದವರನ್ನೂ ನೋಡಿದ್ದೇನೆ. ನಾನೇ ಒಮ್ಮೆ ಹುರುಳಿ ಸೊಪ್ಪಿನ ಅಂಚಿನಲ್ಲಿ ಜಾರಿ ಬಿದ್ದು, ಕಾಲು ಉಳುಕಿ ಮೂರು ವಾರ ಮನೆಯಲ್ಲಿದ್ದೆ. ಅವತ್ತು ನನ್ನನ್ನು ಎಬ್ಬಿಸಿ, ಬಿಸಿನೀರಿನ ಶಾಖ ಕೊಟ್ಟು, ಗಾಡಿಯಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟಿದ್ದು ಆ ಹುರುಳಿಯ ಮನೆಯವರೇ. ದಾರಿ ಇಲ್ಲದಿದ್ದರೆ ಇಳಿದು ಸುತ್ತಿಕೊಂಡು ಹೋಗಿ.

ಐದು ಜನಕ್ಕಿಂತ ಜಾಸ್ತಿ ಇದ್ದರೆ ಹಿಂದಿನ ದಿನವೇ ಊರಿಗೆ ಹೋಗಿ. ಅರಳಿಕಟ್ಟೆಯಲ್ಲೋ ಟೀ ಅಂಗಡಿಯಲ್ಲೋ ಹಿರಿಯರನ್ನು ಕಂಡು, "ನಾಳೆ ಈ ದಾರೀಲಿ ಓಡ್ತೀವಿ, ಏನಾದ್ರೂ ತೊಂದ್ರೆ ಇದೆಯಾ?" ಅಂತ ಕೇಳಿ. ಎಲ್ಲಿ ನಾಟಿ ನಡೆದಿದೆ, ಯಾವ ಸೇತುವೆ ಕುಸಿದಿದೆ, ಯಾರ ಮನೆ ನಾಯಿ ಕಚ್ಚುತ್ತದೆ ಅಂತ ಅವರೇ ಹೇಳುತ್ತಾರೆ. ಓಡಿ ಮುಗಿದ ಮೇಲೆ ಅದೇ ಅಂಗಡಿಯಲ್ಲಿ ತಿಂಡಿ ತಿನ್ನಿ. ಆಲೆಮನೆ ನಡೆಯುತ್ತಿದ್ದರೆ ಬೆಲ್ಲ ಕೊಂಡುಕೊಂಡು ಹೋಗಿ.

ಅಣ್ಣಾ, ನಿಮ್ಮ ಊರಿನ ಹೆಸರು ಇಲ್ಲಿ ಹಾಕಿಲ್ಲ. ಹಾಕಿದರೆ ಬರುವ ಭಾನುವಾರ ಇನ್ನೂ ಐವತ್ತು ಜನ ಬಂದಾರು. ನಾಟಿ ಮುಗಿದ ಮೇಲೆ ಒಂದು ಸಾಲು ಬರೆಯಿರಿ. ನಾನೂ ನನ್ನ ಜೊತೆಯವರೂ ಚೀಲ ಹಿಡಿದು ಬಂದು, ಏರಿಯ ಎರಡೂ ಕಡೆ ಬಾಟಲು ಆರಿಸಿ ಕೊಡುತ್ತೇವೆ.