ಮತ್ತೆ ಬಾರದವರ ಲೆಕ್ಕ

ವಿಮಲಾ ಮೊದಲ ದಿನ ಕುರ್ಚಿಯಲ್ಲಿ ಕೂರುವ ಮೊದಲೇ ಮೊಬೈಲನ್ನು ನನ್ನ ಮುಂದೆ ಚಾಚಿ, "ಮೇಡಂ, ಇದನ್ನು ಓದಿ ಯಾರದು ಸರಿ ಎಂದು ಹೇಳಿಬಿಡಿ, ಅಷ್ಟು ಸಾಕು" ಎಂದರು. (ಹೆಸರನ್ನೂ ಗುರುತು ಸಿಗುವ ವಿವರಗಳನ್ನೂ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆ ಇದೆ.) ನಾನು ಮೊಬೈಲ್ ತೆಗೆದುಕೊಳ್ಳಲಿಲ್ಲ. ಜಗಳದ ಕಡತ ಓದಲು ಕುಳಿತ ಸಲಹೆಗಾರ್ತಿ ಅರ್ಧ ಗಂಟೆಯಲ್ಲಿ ನ್ಯಾಯಾಧೀಶೆಯಾಗಿಬಿಡುತ್ತಾಳೆ. ಆ ಪೀಠ ಹತ್ತುವುದು ಸುಲಭ, ಇಳಿಯುವುದು ಕಷ್ಟ. ನೀವೇ ಹೇಳಿ ಎಂದೆ.

ಅವರು 19 ವರ್ಷಗಳಿಂದ ಉಗುರಿನ ಅಲಂಕಾರದ ಕೆಲಸದಲ್ಲಿರುವವರು. ಅದೇ ವೃತ್ತಿಯವರ ಒಂದು ಗುಂಪಿನಲ್ಲಿ ಹಿರಿಯರು. ಕಿರಿಯರು ಏನೇ ಕೇಳಿದರೂ ಮೊದಲ ಉತ್ತರ ಇವರದೇ. ಒಂಬತ್ತು ದಿನಗಳ ಹಿಂದೆ ಕಿರಿಯಳೊಬ್ಬಳು ಫೋಟೋ ಹಾಕಿ ಕೇಳಿದ್ದಳು: ಜೆಲ್ ಪಾಲಿಶ್ (ದೀಪದ ಬೆಳಕಿನಡಿ ಗಟ್ಟಿಯಾಗಿಸುವ ಉಗುರುಬಣ್ಣ) ಹಾಕಿಸಿಕೊಂಡ ಗ್ರಾಹಕಿಗೆ ಮೂರು ವಾರಗಳಿಂದ ಬೆರಳತುದಿಯಲ್ಲಿ ತುರಿಕೆ, ಚರ್ಮ ಸುಲಿಯುತ್ತಿದೆ, ಎರಡು ಉಗುರು ಬುಡದಿಂದ ಎದ್ದಿವೆ, ಏನು ಮಾಡಲಿ? ವಿಮಲಾ ಉತ್ತರಿಸಿದ್ದರು: ಎರಡು ವಾರ ಬಿಡುವು ಕೊಟ್ಟು, ಚರ್ಮಕ್ಕೆ ತಾಗದಂತೆ ಮತ್ತೆ ಹಾಕು, ಸರಿಹೋಗುತ್ತದೆ. ಆಗ ರಸಾಯನಶಾಸ್ತ್ರ ಓದಿ ಈ ಕೆಲಸಕ್ಕೆ ಬಂದಿದ್ದ ಹೊಸ ಹುಡುಗಿಯೊಬ್ಬಳು ಎಲ್ಲರೆದುರು ಬರೆದಳು: "ಅಕ್ಕ, ಒಂದೇ ತಪ್ಪನ್ನು 19 ವರ್ಷ ಮಾಡಿದರೆ ಅದಕ್ಕೆ ಅನುಭವ ಎನ್ನುವುದಿಲ್ಲ. ಹೇಮಾ ಇಲ್ಲದ ಜೆಲ್ ಬಳಸಿದರೆ ಈ ತೊಂದರೆಯೇ ಇರುವುದಿಲ್ಲ."

ನಾಚಿಕೆಯ ಮಾತು, ಆದರೂ ಹೇಳುತ್ತೇನೆ: ಮೊದಲ ಹತ್ತು ನಿಮಿಷ ಹೇಮಾ ಎಂದರೆ ಗುಂಪಿನ ಮೂರನೆಯ ಹೆಂಗಸು ಎಂದೇ ತಿಳಿದು ನಾನು ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ. ಅದು ಜೆಲ್‌ನಲ್ಲಿರುವ ಹೈಡ್ರಾಕ್ಸಿಈಥೈಲ್ ಮೆಥಾಕ್ರಿಲೇಟ್ ಎಂಬ ರಾಸಾಯನಿಕದ ಚುಟುಕು ಹೆಸರು ಎಂದು ವಿಮಲಾ ತಿದ್ದಿದಾಗ ಇಬ್ಬರೂ ನಕ್ಕೆವು. ಆ ದಿನ ಅವರು ನಕ್ಕದ್ದು ಅದೊಂದೇ ಸಲ.

ಆಮೇಲಿನದು ಎಲ್ಲ ಜಗಳಗಳಂತೆಯೇ. ಒಬ್ಬರು ಪ್ರಮಾಣಪತ್ರಗಳ ಫೋಟೋ ಹಾಕಿದರು, ಇನ್ನೊಬ್ಬರು ಪದವಿಯದು. ಗುಂಪು ಎರಡು ಪಾಲಾಯಿತು. ಹುಡುಗಿ ಗುಂಪು ಬಿಟ್ಟು ಹೋಗಿ ಮರುದಿನ ಮತ್ತೆ ಬಂದಳು. ವಿಮಲಾ ರಾತ್ರಿ ಎರಡು ಗಂಟೆಗೆ ಎದ್ದು ಹಳೆಯ ಸಂದೇಶಗಳನ್ನೇ ಓದುತ್ತಿದ್ದರು. ಕೆಲಸ ಮಾಡುವಾಗ ಕೈ ನಡುಗುತ್ತಿತ್ತು.

"ಫೋಟೋ ಹಾಕಿದ ಹುಡುಗಿ ಕೊನೆಗೆ ಏನು ಬರೆದಳು?" ಎಂದು ಕೇಳಿದೆ.

ಅವರಿಗೆ ನೆನಪಿರಲಿಲ್ಲ. ಹುಡುಕತೊಡಗಿದರು. ಹೆಬ್ಬೆರಳು ಪರದೆಯನ್ನು ಸವರುತ್ತಲೇ ಇತ್ತು. ಕೊನೆಗೆ ನಿಂತಿತು. ಆ ಸಂದೇಶ ಅವರೇ ಓದಿದರು: "ಹಾಗಾದರೆ ಅವರಿಗೆ ಏನು ಹೇಳಲಿ ಅಕ್ಕ?" ಅದರ ಕೆಳಗೆ 140ಕ್ಕೂ ಹೆಚ್ಚು ಸಂದೇಶಗಳಿದ್ದವು. ಒಂದೂ ಅವಳಿಗೆ ಉತ್ತರವಾಗಿರಲಿಲ್ಲ.

ಮೊದಲ ಭೇಟಿಯಲ್ಲಿ ಇಂಥದ್ದು ಮಾಡಿ ಎಂದು ಹೇಳುವುದು ನನ್ನ ಪದ್ಧತಿಯಲ್ಲ. ಅಂದು ಮುರಿದೆ. ಎರಡು ವಾರದ ಬಿಡುವು ಮುಗಿಯಲು ಇನ್ನು ಐದೇ ದಿನ ಉಳಿದಿತ್ತು. ಮೂರು ವಾರ ಆರದ ತುರಿಕೆ, ಎದ್ದ ಉಗುರು ಚರ್ಮವೈದ್ಯರು ನೋಡಬೇಕಾದದ್ದು ಎಂದು ತಿಳಿಯಲು ಯಾವ ಪದವಿಯೂ ಬೇಕಿರಲಿಲ್ಲ. "ಯಾರದು ಸರಿ ಎಂಬುದು ಇನ್ನೊಂದು ವಾರ ಕಾಯಲಿ. ಆ ಕಿರಿಯಳಿಗೆ ಇಲ್ಲಿಂದಲೇ ಫೋನ್ ಮಾಡಿ, ಗ್ರಾಹಕಿಗೆ ಜೆಲ್ ಹಾಕುವುದು ಬೇಡ, ವೈದ್ಯರಲ್ಲಿಗೆ ಕಳುಹಿಸು, ಬಳಸಿದ ಬಾಟಲಿಗಳ ಘಟಕಾಂಶಗಳ ಫೋಟೋ ಜೊತೆಗೆ ಕೊಡು ಎಂದಷ್ಟು ಹೇಳಿ" ಎಂದೆ. ಅವರು ಹೊರಗೆ ಹೋಗಿ ಫೋನ್ ಮಾಡಿ ಬಂದರು. ಮುಖ ಸ್ವಲ್ಪ ಸಡಿಲವಾಗಿತ್ತು.

ಎರಡನೆಯ ಭೇಟಿಗೆ ಮುನ್ನ, ವಿಮಲಾ ಅವರನ್ನು ಕೇಳಿಯೇ, ಪರಿಚಯದ ಚರ್ಮವೈದ್ಯೆಯೊಬ್ಬರಿಂದ ವಿಷಯ ತಿಳಿದುಕೊಂಡೆ. ಚರ್ಮಕ್ಕೆ ತಾಗುವ, ದೀಪದಡಿ ಪೂರ್ತಿ ಗಟ್ಟಿಯಾಗದ ಜೆಲ್ ಈ ಅಲರ್ಜಿಗೆ ದಾರಿ. ಹೇಮಾ ಕೂಡ ಸೇರಿರುವ ಅಕ್ರಿಲೇಟ್‌ಗಳ ಗುಂಪನ್ನು ಅಮೆರಿಕದ ಸ್ಪರ್ಶ ಚರ್ಮರೋಗ ತಜ್ಞರ ಸಂಘ 2012ರ 'ವರ್ಷದ ಅಲರ್ಜಿಕಾರಕ' ಎಂದು ಹೆಸರಿಸಿತ್ತು. ಒಮ್ಮೆ ದೇಹ ಅದನ್ನು ಗುರುತು ಹಿಡಿದರೆ ಸಾಮಾನ್ಯವಾಗಿ ಜೀವಮಾನವಿಡೀ ಮರೆಯುವುದಿಲ್ಲ. ಆಮೇಲೆ ಲೇಶ ತಾಗಿದರೂ ಸಾಕು. ಹಾಗಾಗಿ 'ಬಿಡುವು ಕೊಟ್ಟು ಮತ್ತೆ ಹಾಕು' ತಪ್ಪು. 'ಹೇಮಾ ಇಲ್ಲದ್ದು ಹಾಕು' ಎಂಬುದೂ ತಪ್ಪು, ಏಕೆಂದರೆ ಅದರ ಬದಲಿಗೆ ಬರುವುದೂ ಅದೇ ಕುಟುಂಬದ ಇನ್ನೊಂದು ಅಕ್ರಿಲೇಟ್ ಇರಬಹುದು. ತೆಳುವಾದ ನೈಟ್ರೈಲ್ ಕೈಗವಸನ್ನು ಇವು ಕೆಲವೇ ನಿಮಿಷಗಳಲ್ಲಿ ದಾಟುತ್ತವೆ. ಖಚಿತಪಡಿಸಲು ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ಎರಡು ದಿನಗಳ ಬಳಿಕ ಒಮ್ಮೆ, ಮುಂದೆ ಇನ್ನೊಮ್ಮೆ ನೋಡುವ ಪರೀಕ್ಷೆ ಇದೆ. ಅಲರ್ಜಿ ಇದೆ ಎಂದಾದರೆ ದಂತವೈದ್ಯರಿಗೂ ತಿಳಿಸಬೇಕು. ಹಲ್ಲಿಗೆ ತುಂಬುವ ವಸ್ತುಗಳಲ್ಲೂ ಈ ಕುಟುಂಬದವು ಇರುತ್ತವೆ.

ಹುಡುಗಿ ತನ್ನ ವಾದಕ್ಕೆ ಇನ್ನೊಂದು ಆಧಾರ ಕೊಟ್ಟಿದ್ದಳು: 2025ರ ಸೆಪ್ಟೆಂಬರ್ 1ರಿಂದ ಯುರೋಪಿಯನ್ ಒಕ್ಕೂಟವು ಜೆಲ್‌ನಲ್ಲಿ ಬಳಸುವ ಟಿಪಿಒ ಎಂಬ ವಸ್ತುವನ್ನು ನಿಷೇಧಿಸಿದೆ. ನಿಜ. ಆದರೆ ಅದನ್ನು ನಿಷೇಧಿಸಿದ್ದು ಸಂತಾನಶಕ್ತಿಗೆ ಹಾನಿಕರ ಎಂಬ ವರ್ಗಕ್ಕೆ ಸೇರಿದ್ದರಿಂದ. ಆ ನಿಷೇಧಕ್ಕೆ ಕಾರಣ ತುರಿಸುವ ಬೆರಳಲ್ಲ. ನಿಜವಾದ ಸಂಗತಿಯನ್ನು ತಂದು ಬೇರೆ ಗಾಯಕ್ಕೆ ಹಚ್ಚುವುದು ಓದಿದವರ ಚಾಳಿ. ನನಗೂ ಇದೆ.

ಇದನ್ನೆಲ್ಲ ವಿಮಲಾ ಮೌನವಾಗಿ ಕೇಳಿದರು. ಹುಡುಗಿಯ ತಪ್ಪು ಕೇಳಿದಾಗ ಸಂತೋಷಪಟ್ಟಾರು ಎಂದುಕೊಂಡಿದ್ದೆ, ಪಡಲಿಲ್ಲ. "ಆದರೆ ನಾನು ಕಣ್ಣಾರೆ ಕಂಡಿದ್ದೇನಲ್ಲ ಮೇಡಂ? ಎಷ್ಟೋ ಜನರಿಗೆ ಕೆಂಪಾಗಿತ್ತು. ಬಿಡುವು ಕೊಟ್ಟೆ, ಸರಿಹೋಯಿತು. ಸುಳ್ಳು ಹೇಳಲಿಲ್ಲ ನಾನು."

ಸುಳ್ಳು ಹೇಳಿಲ್ಲ ಎಂದು ನಾನೂ ಒಪ್ಪಿದೆ. "ಸರಿಹೋಯಿತು ಎಂದು ನಿಮಗೆ ಹೇಗೆ ತಿಳಿಯಿತು?"

"ಮತ್ತೆ ಬಂದರಲ್ಲ, ನೋಡಿದೆ."

"ಬಾರದವರು?"

ಗಡಿಯಾರ ನೋಡಲಿಲ್ಲ, ಆದರೆ ಮೌನ ದೀರ್ಘವಾಗಿತ್ತು. ಕೈಗಳನ್ನು ಮಗುಚಿ ಅಂಗೈ ನೋಡಿಕೊಂಡರು. "ಬೇರೆ ಕಡೆ ಹೋದರು ಎಂದುಕೊಂಡಿದ್ದೆ" ಎಂದರು. ಇದು ನನ್ನ ಕೋಣೆಗೂ ತಟ್ಟುವ ಮಾತು. ನನ್ನ ಸಲಹೆಯಿಂದ ಗುಣವಾಯಿತು ಎಂದು ನನಗೆ ಹೇಳಿದವರೆಲ್ಲ ಮತ್ತೆ ಬಂದವರೇ.

ಮೂರನೆಯ ಭೇಟಿಯಲ್ಲಿ ಗುಂಪಿಗೆ ತಿದ್ದುಪಡಿ ಬರೆದುಕೊಂಡು ಬಂದರು. 11 ಸಾಲು. ಎಂಟು ಸಾಲು ಅವರ ಬಗ್ಗೆ: ಎಷ್ಟು ಜನಕ್ಕೆ ಕಲಿಸಿದೆ, ಎಷ್ಟು ನೊಂದೆ, ಕಿರಿಯರಿಗೆ ಮರ್ಯಾದೆ ಹೇಗಿರಬೇಕು. ಪೆನ್ನು ಕೊಟ್ಟು, ಬೆರಳಿಗೆ ಸಂಬಂಧಿಸದ ಸಾಲುಗಳಿಗೆ ನೀವೇ ಗೀಟು ಹಾಕಿ ಎಂದೆ. ಮೂರು ಸಾಲು ಉಳಿಯಿತು. ಅದರಲ್ಲಿದ್ದ ಒಂದು 'ಆದರೆ'ಯನ್ನೂ ತೆಗೆಸಿದೆ. ಹೀಗಾಯಿತು: "ನಾನು ಕೊಟ್ಟ ಸಲಹೆ ತಪ್ಪು. ಉಗುರಿನ ಸುತ್ತ ತುರಿಕೆ ಅಥವಾ ಗುಳ್ಳೆ ಕಂಡರೆ ಜೆಲ್ ನಿಲ್ಲಿಸಿ ಚರ್ಮವೈದ್ಯರಲ್ಲಿಗೆ ಕಳುಹಿಸಿ. ಹೇಮಾ ಇಲ್ಲದ ಜೆಲ್ ಕೂಡ ಅಲರ್ಜಿ ಇದ್ದವರಿಗೆ ಸುರಕ್ಷಿತ ಎನ್ನಲಾಗದು."

ಹುಡುಗಿಯ ಮಾತಿನ ನೋವು ಹಾಗೇ ಇತ್ತು. ಅದನ್ನು ನುಂಗಿಕೊಳ್ಳಿ ಎಂದು ನಾನು ಹೇಳಲಿಲ್ಲ. ಅವಳಿಗೆ ಬೇರೆಯಾಗಿ, ಬೇರೆ ದಿನ, ಆ ಒಂದು ವಾಕ್ಯ ನನ್ನನ್ನು ನೋಯಿಸಿತು ಎಂದು ಹೇಳಿ. ರಾಸಾಯನಿಕದ ಮಾತು ಎತ್ತಬೇಡಿ. ಎರಡನ್ನೂ ಒಂದೇ ಪತ್ರದಲ್ಲಿ ಹಾಕಿದರೆ ಅವಳು ರಾಸಾಯನಿಕಕ್ಕೆ ಮಾತ್ರ ಉತ್ತರಿಸುತ್ತಾಳೆ ಎಂದೆ. ಮುಂದೆ ಯಾರಾದರೂ ಸಲಹೆ ಕೇಳಿದರೆ ಇದು ಕಂಡದ್ದೋ, ಓದಿದ್ದೋ, ಯಾರೋ ಕಲಿಸಿದ್ದೋ ಎಂದು ಮೊದಲು ಹೇಳುವುದು. ಊಟವಾದ ಮೇಲೆ ರಾತ್ರಿ ಯಾರಿಗೂ ಉತ್ತರಿಸದಿರುವುದು. ಎರಡನೆಯದನ್ನು ಅವರು ಪೂರ್ತಿ ಪಾಲಿಸಲಿಲ್ಲ.

ತಿದ್ದುಪಡಿಗೆ ಬಂದದ್ದು ನಾಲ್ಕೇ ಪ್ರತಿಕ್ರಿಯೆ. ಹುಡುಗಿಯದು "ಸರಿ ಅಕ್ಕ, ನನ್ನದೂ ಪೂರ್ತಿ ಸರಿ ಇರಲಿಲ್ಲ" ಎಂಬುದು. ಗ್ರಾಹಕಿ ವೈದ್ಯರಲ್ಲಿಗೆ ಹೋದಳು, ಜೆಲ್ ಬಿಟ್ಟಳು.

ಕೊನೆಯ ಭೇಟಿಗೆ ವಿಮಲಾ ತಮ್ಮ ಹಳೆಯ ಗ್ರಾಹಕರ ಪುಸ್ತಕ ತಂದಿದ್ದರು. ವರ್ಷದಿಂದ ಬಾರದ ಆರು ಹೆಸರುಗಳ ಮುಂದೆ ಪೆನ್ಸಿಲಿನ ಗುರುತು. ಎಲ್ಲರಿಗೂ ಫೋನ್ ಮಾಡಿದ್ದರು. ಇಬ್ಬರು ಎತ್ತಲಿಲ್ಲ, ಮೂವರದು ಬೇರೆ ಕಾರಣ. ಆರನೆಯವರು ಹೇಳಿದ್ದನ್ನು ಹೆಸರಿನ ಪಕ್ಕದಲ್ಲೇ ಬರೆದುಕೊಂಡಿದ್ದರು: "ಬೆರಳೆಲ್ಲ ಒಡೆದಿತ್ತು. ನಿಮ್ಮ ಮನಸ್ಸಿಗೆ ಬೇಸರವಾದೀತೆಂದು ಹೇಳಲಿಲ್ಲ."